ಡಿಕ್ಕಿಯೊಳಗಿನ ದಿಂಬು

ನನ್ನ ಕಾರಿನ ಡಿಕ್ಕಿಯಲ್ಲಿ ಒಂದು ಪೆಟ್ಟಿಗೆ ಇದೆ. ಈಗ ಡಿಕ್ಕಿ ತೆಗೆದರೆ ಅದರ ಕಡೆ ನೋಡದೆ ಮುಚ್ಚಿಬಿಡುತ್ತೇನೆ. ಕೂಡಿಸಿದ ದಿನ ಮಾತ್ರ ಅದರ ಮುಂದೆ ಕುಣಿಯುವುದೊಂದು ಬಾಕಿ ಇತ್ತು ನನಗೆ.

ಕಾರು ಹಳೆಯ ಸ್ವಿಫ್ಟ್, ಸೆಕೆಂಡ್ ಹ್ಯಾಂಡು. ಮೊದಲಿನವನು ಹಾಕಿಸಿದ್ದ ಸ್ಟೀರಿಯೊ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಟ್ರ್ಯಾಕ್ಟರ್ ಶೋರೂಮಿನಲ್ಲಿ ದಿನವಿಡೀ ಗಿರಾಕಿಗಳ ಕೊರೆತ ಕೇಳಿ ಕಿವಿ ಕೆಟ್ಟವನು ನಾನು. ಸಂಜೆ ಮನೆಗೆ, ಶಾಮನೂರಿಗೆ ವಾಪಸು ಬರುವ ದಾರಿಯಲ್ಲಾದರೂ ಎದೆ ನಡುಗುವಂಥ ಹಾಡು ಬೇಕು ಅನ್ನಿಸುತ್ತಿತ್ತು. ತಪ್ಪಾ ಅದು? ಅದು ತಪ್ಪಲ್ಲ. ತಪ್ಪು ಮುಂದೆ ಇದೆ.

ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಕಾರುಗಳಿಗೆ ಸೌಂಡು ಕೂಡಿಸುವ ನೌಮಾನ್ ಹೊಸ ಸ್ಟೀರಿಯೊ ಹಾಕಿದ, ಸೀಟಿನ ಕೆಳಗೆ ಆಂಪ್ಲಿಫೈಯರ್ ಇಟ್ಟ, ಡಿಕ್ಕಿಯ ಅಳತೆಗೆ ಪ್ಲೈವುಡ್ಡಿನ ಪೆಟ್ಟಿಗೆ ಕೊಯ್ದು ಧಡ್ ಧಡ್ ಅನ್ನುವ ದೊಡ್ಡದೊಂದು ವೂಫರ್ ಸ್ಪೀಕರ್ ಕೂಡಿಸಿದ. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಮುಷ್ಟಿ ಹಿಡಿಯುವಷ್ಟು ತೂತು ಬಿಟ್ಟಿದ್ದ. ಅದ್ಯಾಕೆ ಅಂತ ಕೇಳಿದ್ದಕ್ಕೆ, ಪೆಟ್ಟಿಗೆ ಉಸಿರಾಡಬೇಕಲ್ಲಣ್ಣ ಅಂದ. ಹಾಡು ಹಾಕಿಸಿ ಕೈ ಇಟ್ಟು ನೋಡಿದೆ. ಒಂದೊಂದು ಏಟಿಗೂ ತೂತಿನಿಂದ ಗಾಳಿ ಬಂದು ಅಂಗೈಗೆ ಬಡಿಯಿತು.

ಆದರೆ ಸದ್ದು ಖಾಲಿ ಡ್ರಮ್ಮಿನ ಹಾಗಿತ್ತು. ಒಳಗೋಡೆಗೆ ಫೈಬರ್ ಹತ್ತಿ ಅಂಟಿಸಬೇಕು, ಸ್ಟಾಕ್ ಬರುವುದು ಹಬ್ಬ ಆದಮೇಲೆ ಅಂದ ನೌಮಾನ್. ನನಗೆಲ್ಲಿ ತಾಳ್ಮೆ? ಮನೆಯ ಹತ್ತಿ ನಡೆಯುತ್ತದಾ ಅಂತ ಕೇಳಿದೆ. ನಡೆಯುತ್ತದೆ ಅಂದ.

ಮನೆಗೆ ಓಡಿದೆ. ದೀಪಾವಳಿಗೆ ಮುಂಚೆ ನಮ್ಮಲ್ಲಿ ಹಾಸಿಗೆ, ಕೌದಿ, ದಿಂಬು ಎಲ್ಲವೂ ಬಿಸಿಲು ಕಾಣುತ್ತವೆ. ಹರಿಹರದಿಂದ ವರ್ಷಾ ವರ್ಷಾ ಬಂದು ನಮ್ಮ ಹತ್ತಿ ಹಿಂಜಿಕೊಡುವ ಮಕ್ತುಮ್ ಸಾಬ್ ಬೆಳಿಗ್ಗೆಯೇ ಎರಡು ಹಾಸಿಗೆ ಹೊತ್ತುಕೊಂಡು ಹೋಗಿದ್ದರು. ಅಂಗಳದಲ್ಲಿ ದಿಂಬುಗಳು ಉಳಿದಿದ್ದವು. ಅದರಲ್ಲಿ ಅಪ್ಪನದು ಎಲ್ಲಕ್ಕಿಂತ ಕೊಳಕು. ಗಂಟು ಗಂಟು ಹತ್ತಿ, ಮೇಲೆ ಗಂಡಸಿನ ಕೈಯ ಸೊಟ್ಟ ಹೊಲಿಗೆ. ಮನೆಯವರೆಲ್ಲ ಫೋಮ್ ದಿಂಬಿಗೆ ಬಂದು ಯಾವ ಕಾಲವಾಯಿತು, ಈ ಮುದುಕನಿಗೇನು ಹಟ ಅಂದುಕೊಂಡೆ. ಹೊಸದೊಂದು ತಂದುಕೊಟ್ಟರಾಯಿತು. ತಂದೂ ಕೊಟ್ಟೆ, ಸುಳ್ಳು ಹೇಳಬಾರದು.

ನೌಮಾನನ ಅಂಗಡಿಯಲ್ಲಿ ದಿಂಬನ್ನು ಸೀಳಿದಾಗ ಎಣ್ಣೆಯ ಕಮಟು ಮೂಗಿಗೆ ಹೊಡೆಯಿತು. ಮೆಂತ್ಯ ಹಾಕಿ ಕಾಯಿಸಿದ ಹರಳೆಣ್ಣೆ. ಥೂ ಅಂದೆ ನಾನು. ನಮ್ಮಪ್ಪ ಓಬಯ್ಯನದು ನುಣ್ಣನೆಯ ಬೋಳು ತಲೆ. ನನ್ನ ಮದುವೆಯ ಫೋಟೋದಲ್ಲೂ ಬೋಳೇ. ಬೋಳು ತಲೆಯವನ ದಿಂಬಿಗೆ ಇಷ್ಟು ಎಣ್ಣೆ ಎಲ್ಲಿಂದ ಬಂತು ಅಂತ ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ತಲೆ ಇದ್ದರೆ ತಾನೆ ಯೋಚಿಸುವುದು? ನೌಮಾನ್ ಗಮ್ ಬಳಿದ, ನಾನು ಹತ್ತಿ ಒತ್ತಿದೆ. ಅದಾದಮೇಲೆ ಹಾಡು ಹಾಕಿದರೆ ಪಕ್ಕದ ಅಂಗಡಿಯ ಷಟರ್ ನಡುಗಿತು. ನಾನು ಹಲ್ಲು ಕಿರಿದೆ.

ಸಂಜೆ ಅಪ್ಪ ದಿಂಬು ಎಲ್ಲಿ ಅಂತ ಕೇಳಿದ. ಮಕ್ತುಮ್ ಸಾಬ್ ಹಿಂಜಲು ಒಯ್ದರು ಅಂದುಬಿಟ್ಟೆ. ನಾಲಿಗೆಯೇ ಹೇಳಿತು, ನಾನು ತಡೆಯಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಅಂಬಿಕಾಗೆ ದಿಂಬನ್ನು ಯಾರು ಒಯ್ದದ್ದು ಅಂತ ಗೊತ್ತಿತ್ತು. ಆಮೇಲೆ ಕೋಣೆಯಲ್ಲಿ, ನೀವಾಗಿ ಹೇಳಿದರೆ ಸರಿ, ಮಾವ ನನ್ನನ್ನು ಕೇಳಿದರೆ ನಾನಂತೂ ಸುಳ್ಳು ಹೇಳುವವಳಲ್ಲ ಅಂದಳು. ಒಂದು ದಿಂಬಿಗೆ ಇಷ್ಟು ರಾದ್ಧಾಂತವಾ ಅಂತ ಅವಳ ಮೇಲೆ ರೇಗಿದೆ. ತಪ್ಪು ಮಾಡಿದವನ ದನಿ ಯಾವಾಗಲೂ ಒಂದು ಪಟ್ಟು ಜಾಸ್ತಿಯೇ.

ಬೆಳಿಗ್ಗೆ ನೋಡಿದರೆ ಹೊಸ ದಿಂಬು ಪ್ಲಾಸ್ಟಿಕ್ ಕವರಿನ ಸಮೇತ ಕುರ್ಚಿಯ ಮೇಲಿತ್ತು. ಅಪ್ಪ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಮಲಗಿದ ಹಾಗೇ ಕಾಣಲಿಲ್ಲ. ಆಗಲೇ ಅಂಗಿ ಹಾಕಿಕೊಂಡಾಗಿತ್ತು.

"ನಿಂಗ, ಹರಿಹರಕ್ಕೆ ಹೋಗಾನ ನಡಿ. ಸಾಬ್ರು ಅದನ್ನ ಹಿಂಜಾದ್ರೊಳಗೆ ಹೋಗ್ಬೇಕು" ಅಂದ.

ಅವರ ಫೋನು ಸ್ವಿಚ್ ಆಫ್ ಅಂತ ಇನ್ನೊಂದು ಸುಳ್ಳು ಹೇಳಿದೆ. ಹಂಗಾದರೆ ಬಸ್ಸಿಗೆ ಹೋಗ್ತೀನಿ ಅಂತ ಚಪ್ಪಲಿ ಮೆಟ್ಟಿದ. ಇನ್ನೇನು ಮಾಡಲಿ, ಕಾರು ತೆಗೆದೆ. ದಾರಿಯಲ್ಲಿ ಹೇಳಿಬಿಡೋಣ ಅಂದುಕೊಂಡೆ. ಅಪ್ಪ ಎಂದಿನಂತೆ ಹಿಂದಿನ ಸೀಟಿನಲ್ಲಿ ಕೂತ. ಅವನ ಬೆನ್ನ ಹಿಂದೆಯೇ ಡಿಕ್ಕಿ.

ಊರು ದಾಟಿತು, ಬಾಯಿ ಬರಲಿಲ್ಲ. ಬಾಯಿ ಬಿಟ್ಟವನು ಅಪ್ಪನೇ.

"ನಿಮ್ಮವ್ವ ಸತ್ತಾಗ ಆಕಿ ಹಾಸಿಗೆ ದಿಂಬು ಹೊಳಿಗೆ ಬಿಟ್ಟು ಬಂದ್ವಲ್ಲ. ಹಾಸಿಗೆ ಆಕೀದೇ. ದಿಂಬು ನಂದು."

ಕನ್ನಡಿಯಲ್ಲಿ ನೋಡಿದೆ. ಅವನು ಕಿಟಕಿಯಾಚೆ ನೋಡುತ್ತಿದ್ದ.

ನಮ್ಮ ಕಡೆ ಸತ್ತವರ ಹಾಸಿಗೆ ದಿಂಬು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಹರಿಹರದ ಹೊಳೆಗೆ ಬಿಡುತ್ತಾರೆ. ಇಟ್ಟುಕೊಂಡರೆ ಮನೆಗೆ ಆಗಿಬರುವುದಿಲ್ಲ ಅಂತ ಹಿರಿಯರು ಗಲಾಟೆ ಮಾಡುತ್ತಾರೆ. ಅದಕ್ಕೆ ಅಪ್ಪ ತನ್ನ ದಿಂಬನ್ನು ಹೊಳೆಗೆ ಬಿಟ್ಟು, ಅವ್ವನದಕ್ಕೆ ತನ್ನ ಹಳೆ ಪಂಚೆಯ ಬಟ್ಟೆಯನ್ನು ತಾನೇ ಹೊಲಿದು, ವರ್ಷದ ಮೇಲಾಯಿತು, ಅದರ ಮೇಲೆಯೇ ಮಲಗುತ್ತಿದ್ದನಂತೆ. ಆನಗೋಡಿನ ತವರು ಹೊಲದ ಹತ್ತಿ, ನಮ್ಮವ್ವ ಕೆಂಚಕ್ಕ ಮದುವೆಯಾಗಿ ಬರುವಾಗ ತಂದದ್ದು ಅಂದ. ಯಾರಿಗೂ ಹೇಳಬ್ಯಾಡ, ಅಂಬಿಕಾ ಹೆದರಿಕೊಂಡಾಳು ಅಂತಲೂ ಅಂದ.

ನನ್ನ ಕೈ ತಾನಾಗಿ ಸ್ಟೀರಿಯೊಗೆ ಹೋಯಿತು. ಅವನ ಮಾತು ಇನ್ನೊಂದು ಕೇಳಿದರೆ ನನ್ನಿಂದ ಆಗುತ್ತಿರಲಿಲ್ಲ. ಯಾವ ಹಾಡೋ ಬಂತು, ವಾಲ್ಯೂಮು ತಿರುಗಿಸಿದೆ. ಹಿಂದಿನಿಂದ ಧಡ್ ಧಡ್ ಅಂತ ಶುರುವಾಯಿತು. ಅಪ್ಪನ ಮಾತು ನಿಂತಿತು, ಅಷ್ಟೇ ಬೇಕಾಗಿತ್ತು ನನಗೆ, ಎಂಥ ಮಗ ನೋಡಿ.

ಸ್ವಲ್ಪ ದೂರ ಹೋದಮೇಲೆ ಕನ್ನಡಿಯಲ್ಲಿ ಅಪ್ಪ ಆ ಕಡೆ ಈ ಕಡೆ ಮುಖ ತಿರುಗಿಸುವುದು ಕಾಣಿಸಿತು. ಆಮೇಲೆ ಪೂರ್ತಿ ಹಿಂದಕ್ಕೆ ತಿರುಗಿ ಸೀಟಿನ ಮೇಲಂಚಿಗೆ ಮೂಗು ತಂದ.

"ನಿಂಗ, ನಿಮ್ಮವ್ವನ ಎಣ್ಣಿ ವಾಸ್ನಿ ಬರ್ತೈತಲ್ಲೋ."

ನನಗೂ ಬಂತು. ಬಿಸಿಲಿಗೆ ಕಾದ ಪೆಟ್ಟಿಗೆ ಒಂದೊಂದು ಏಟಿಗೂ ಉಸಿರು ಬಿಡುತ್ತಿತ್ತು. ಮೆಂತ್ಯದ ಎಣ್ಣೆ. ಭಾನುವಾರ ಜಡೆ ಬಿಚ್ಚಿ ಅಂಗಳದಲ್ಲಿ ಕೂರುತ್ತಿದ್ದ ಅವ್ವ. ನಿನ್ನೆ ಇದಕ್ಕೇ ನಾನು ಥೂ ಅಂದಿದ್ದು.

ಹರಿಹರ ಇನ್ನೂ ಮುಂದಿತ್ತು. ರಸ್ತೆ ಬದಿಗೆ ನಿಲ್ಲಿಸಿ ಹಾಡು ಬಂದ್ ಮಾಡಿದೆ. ಇಳಿದು ಡಿಕ್ಕಿ ತೆಗೆದೆ. ಅಪ್ಪನೂ ಇಳಿದು ಬಂದ.

"ಸಾಬ್ರು ಒಯ್ದಿಲ್ಲಪ್ಪ. ನಾನೇ ಹರಿದು ಇದ್ರೊಳಗೆ ಹಾಕೀನಿ" ಅಂದೆ. ಬೈಯಲಿ, ಹೊಡೆಯಲಿ ಅಂತ ಕಾದೆ.

ಅವನು ಪೆಟ್ಟಿಗೆಯನ್ನು ನೋಡಿದ. ತೂತಿನೊಳಗೆ ಕೈ ಹಾಕಿ ತಡಕಾಡಿ ಒಂದು ಚೂರು ಕಿತ್ತ. ಗಮ್ಮಿಗೆ ಅಂಟಿ ಕಲ್ಲಿನಂತೆ ಗಟ್ಟಿಯಾಗಿತ್ತು. ಮೂಸಿ ನೋಡಿ ಮುಖ ಹಿಂಡಿದ. ಗಮ್ಮಿನ ವಾಸನೆಯೇ ಜಾಸ್ತಿ.

"ಪೂರ್ತಿ ತೆಗೆಯಾಕೆ ಬರ್ತೈತೇನು?"

"ಇಲ್ಲಪ್ಪ. ತೆಗೆದ್ರೆ ಹಿಂಗೇ ಚೂರು ಚೂರಾಗಿ ಬರ್ತೈತೆ."

ಆ ಚೂರನ್ನು ಮತ್ತೆ ತೂತಿನೊಳಗೆ ಇಟ್ಟ, ಬಿದ್ದುಹೋಗದ ಹಾಗೆ ಬೆರಳಿನಿಂದ ಒತ್ತಿದ. ಹೋಗಿ ತನ್ನ ಜಾಗದಲ್ಲಿ ಕೂತ. ನಾನು ಡಿಕ್ಕಿ ಮುಚ್ಚಿ ಬಂದು ಸ್ಟೀರಿಂಗ್ ಹಿಡಿದೆ, ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ.

"ಹಾಡು ಹಚ್ಚು" ಅಂದ ಅಪ್ಪ.

ಹಚ್ಚಿದೆ. ಕಾರು ತಿರುಗಿಸಿದೆ. ದಾವಣಗೆರೆ ಬರುವಷ್ಟರಲ್ಲಿ ಅವನ ಬೋಳು ತಲೆ ಸೀಟಿಗೆ ಒರಗಿತ್ತು, ಬಾಯಿ ಅರ್ಧ ತೆರೆದಿತ್ತು. ಅಷ್ಟು ಸದ್ದಿನಲ್ಲೂ ನಿದ್ದೆ. ಸಿಗ್ನಲ್ಲಿನಲ್ಲಿ ಪಕ್ಕದ ಬೈಕಿನವನು, ವಯಸ್ಸಾದವರನ್ನು ಕೂರಿಸಿಕೊಂಡು ಇದೇನ್ರಿ ಗಲಾಟೆ ಅಂತ ನನ್ನನ್ನು ಬೈದ. ಬೈಸಿಕೊಂಡೆ. ನನಗೂ ತಲೆ ಸಿಡಿಯುತ್ತಿತ್ತು, ಒಂದು ಬೆರಳು ಸಾಕಿತ್ತು ನಿಲ್ಲಿಸಲು. ನಿಲ್ಲಿಸಿದರೆ ಪೆಟ್ಟಿಗೆ ಉಸಿರಾಡುವುದಿಲ್ಲ.

ಶಾಮನೂರು ಬಂತು. ಗೇಟಿನಲ್ಲಿ ಅಂಬಿಕಾ ನಿಂತಿದ್ದಳು. ಹಿಂದೆ ಅಪ್ಪನಿಗೆ ಇನ್ನೂ ನಿದ್ದೆ. ನಾನು ಮನೆ ದಾಟಿ ಮುಂದಕ್ಕೆ ಹೋದೆ.