ಉಗ್ರಾಣಿ ಅಚ್ಚುತಣ್ಣನ ಜನಗಣತಿ

ನೇರಳಡ್ಕದಲ್ಲಿ ಎಷ್ಟು ಜನ ಇದ್ದಾರೆಂದು ಕೇಳಿದರೆ ಅಚ್ಚುತಣ್ಣ ಸಂಖ್ಯೆ ಹೇಳುವುದಿಲ್ಲ; ಕಣ್ಣು ಮುಚ್ಚಿ, ತೋರುಬೆರಳನ್ನು ಗಾಳಿಯಲ್ಲಿ ಎತ್ತಿ, "ಶಾಲೆಯಿಂದ ಶುರು ಮಾಡುದಾ ಸಾರ್, ಹೈದರನ ಹೋಟೆಲಿನಿಂದಲಾ?" ಎಂದು ನಮ್ಮನ್ನೇ ಕೇಳುತ್ತಾರೆ. ನಾವು ಏನೆಂದರೂ ಸರಿ, ಆ ಬೆರಳು ಹೊರಟೇಬಿಡುತ್ತದೆ. ಒಂದೊಂದು ಮನೆಯೆದುರು ಒಂದು ಗಳಿಗೆ ನಿಂತು, ಒಳಗಿರುವವರ ಹೆಸರು, ಪ್ರಾಯ, ಆಡುವ ಭಾಷೆ, ಹೆಣ್ಣು ಕೊಟ್ಟು ತಂದ ಊರು, ಕೊನೆಗೆ ಆ ಮನೆಯ ನಾಯಿಯ ಸ್ವಭಾವವನ್ನೂ ಸಾದ್ಯಂತ ನಿರೂಪಿಸಿ ಮುಂದಿನ ಮನೆಗೆ ಏರುತ್ತದೆ. ಮಧ್ಯೆ ನಾವು ಬಾಯಿ ಹಾಕಿದರೆ ಬೆರಳು ತಡೆದು ನಿಂತು, ಪುನಃ ಶಾಲೆಯಿಂದಲೇ ಹೊರಡುತ್ತದೆ. ಆದ್ದರಿಂದ ಯಾರೂ ಬಾಯಿ ಹಾಕುವುದಿಲ್ಲ.

ಅಚ್ಚುತ ಗೌಡರು ಮೂವತ್ತಾರು ವರ್ಷ ಊರಿನ ಉಗ್ರಾಣಿಯಾಗಿದ್ದವರು. ನೋಟೀಸು ಮನೆಮನೆಗೆ ಮುಟ್ಟಿಸುವುದು, ಅಧಿಕಾರಿಗಳು ಬಂದರೆ ಮುಂದೆ ನಡೆದು ದಾರಿ ತೋರಿಸುವುದು ಅವರ ಉದ್ಯೋಗ. ನಿವೃತ್ತಿಯಾಗಿ ಹದಿನಾಲ್ಕು ವರ್ಷವಾದರೂ ಖಾಕಿ ಅಂಗಿ ಮೈಬಿಟ್ಟಿಲ್ಲ. ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುವ ಅಭ್ಯಾಸವೂ ಹಾಗೆಯೇ ಉಳಿದಿದೆ. ಹಿಂದೆ ಯಾವ ಸಾಹೇಬರೂ ಏದುಸಿರು ಬಿಡುತ್ತಾ ಬರುತ್ತಿಲ್ಲವೆಂಬುದು ಅವರ ಕೊರಳಿಗೆ ಇನ್ನೂ ತಿಳಿದಿಲ್ಲ. "ಊರಿನವರೆಲ್ಲ ಇವರ ತಲೆಯಲ್ಲಿ ಉಂಟು ಮಾರಾಯ್ರೆ, ಉಪ್ಪಿನ ಡಬ್ಬಿ ಎಲ್ಲಿ ಉಂಟೂಂತ ಮಾತ್ರ ಗೊತ್ತಿಲ್ಲ," ಎಂದು ಹೆಂಡತಿ ಕುಮುದಿನಿಯಕ್ಕ ಚಾ ತಂದಿಡುತ್ತಾ ಕುಟುಕುತ್ತಾರೆ. ಅಚ್ಚುತಣ್ಣ ನಗುತ್ತಾರೆ, ಅಲ್ಲಗಳೆಯುವುದಿಲ್ಲ.

ಪುತ್ತೂರಿನ ಕಾಲೇಜೊಂದರಲ್ಲಿ ಇತಿಹಾಸ ಬೋಧಿಸುವ ನನಗೆ ಪಂಚಾಯತಿನವರು ನೇರಳಡ್ಕದ ಚರಿತ್ರೆ, ಭೂಗೋಳ, ಜನಸಂಖ್ಯೆಗಳ ಕುರಿತು ಒಂದು ಕಿರುಹೊತ್ತಗೆ ಬರೆಯಲು ಹೇಳಿದ್ದರು. ಒಂದು ವಾರದ ಕೆಲಸವೆಂಬ ಅಹಂಕಾರದಿಂದ ಒಪ್ಪಿದೆ. ಒಂದು ವಾರದಲ್ಲಿ ಅಚ್ಚುತಣ್ಣನ ಬೆರಳು ಪೇಟೆಯನ್ನೂ ದಾಟಿರಲಿಲ್ಲ! ನೇರಳೆ ಮರದಡಿ ಎತ್ತಿನ ಗಾಡಿಗಳು ತಂಗುತ್ತಿದ್ದ ಕಾಲ, ಅಲ್ಲಿ ಮೊದಲು ಒಲೆ ಹೂಡಿದ ಹೈದರನ ಅಜ್ಜ, ಗಡಿಯಾಚೆಯಿಂದ ರಬ್ಬರು ಗಿಡ ಹೊತ್ತು ಬಂದು ಮಲಯಾಳದಲ್ಲಿ ಜಾಗದ ಬೆಲೆ ಕೇಳಿದವರು, ಗುಡ್ಡದ ಯಾವ ಬದಿಯ ನೀರು ಯಾವ ಹೊಳೆಗೆ ಇಳಿಯುತ್ತದೆ ಎಂಬುದು ಎಲ್ಲವೂ ಅವರಿಗೆ ನಿನ್ನೆ ಮೊನ್ನೆಯ ಸಂಗತಿ. ಡಾಕ್ಟರೇಟು ಮಾಡಿದ ನಾನು ಅವರ ಜಗಲಿಯಲ್ಲಿ ಒಂದನೆಯ ತರಗತಿಯ ಹುಡುಗನಂತೆ ಬಾಯಿ ತೆರೆದು ಕುಳಿತಿದ್ದೆ. ನಾಚಿಕೆಯೇನೂ ಆಗಲಿಲ್ಲ.

ಮೇ ತಿಂಗಳಲ್ಲಿ ಪಂಚಾಯತಿನ ಹಳೆಯ ಜನವಸತಿ ಪಟ್ಟಿ ನನ್ನ ಕೈಗೆ ಬಂತು. ಅದರಲ್ಲಿ ಹೊಳೆಯ ಆಚೆಕರೆಯ ಮುಂದೆ "ಜನವಸತಿ ಇಲ್ಲ" ಎಂದಿತ್ತು. ಆಚೆಕರೆಯಲ್ಲಿ ಎಂಟು ಮನೆಗಳಿರುವುದು ನನಗೂ ಗೊತ್ತು. ಅಡಿಕೆ ಮರದ ಸಂಕವೊಂದೇ ಅವರಿಗೆ ಹೊಳೆ ದಾಟುವ ದಾರಿ. ಮಳೆಗಾಲದ ಮೊದಲ ನೆರೆಗೆ ಅದು ಕೊಚ್ಚಿಹೋದರೆ ಕಾಡಿನೊಳಗೆ ಒಂಬತ್ತು ಮೈಲು ಸುತ್ತಬೇಕು. ಸೇತುವೆಗೆ ಕೊಟ್ಟ ಅರ್ಜಿ ಎರಡು ಸಲ "ಮಾನದಂಡಕ್ಕೆ ಒಳಪಡುವುದಿಲ್ಲ" ಎಂಬ ಒಂದು ಸಾಲಿನೊಂದಿಗೆ ಮರಳಿ ಬಂದಿತ್ತು. ಊರಿಡೀ ಆಫೀಸಿನವರಿಗೆ ಹಿಡಿಶಾಪ ಹಾಕುತ್ತಿತ್ತು.

"ಆಚೆಕರೆಯಲ್ಲಿ ಯಾರೂ ಇಲ್ಲವಂತೆ, ನೋಡಿ ಅಚ್ಚುತಣ್ಣ," ಎಂದು ತಮಾಷೆಗೆ ಹೇಳಿದೆ.

ಅವರು ಪಟ್ಟಿಯ ವರ್ಷ ನೋಡಿದರು. ಬೆರಳು ಕಾಗದದ ಮೇಲೆ ನಿಂತಲ್ಲೇ ನಿಂತಿತು. "ಇದು ಬರೆಸಿದ್ದು ನಾನು ಸಾರ್," ಎಂದರು.

ನಮ್ಮ ಕಡೆ ಮನೆ ಬಿದ್ದರೂ ಮನೆಯ ಹೆಸರು ಬೀಳುವುದಿಲ್ಲ. ಈಚೆಕರೆಯ ತೋಟಬೈಲಿನಲ್ಲಿ ಗುಡ್ಡ ಜರಿದಾಗ ಎಂಟು ಕುಟುಂಬಗಳು ಹೊಳೆ ದಾಟಿ ಹೊಸ ಮನೆ ಕಟ್ಟಿಕೊಂಡವು. ಆದರೆ ಚೆನ್ನು ತೋಟಬೈಲಿನ ಚೆನ್ನುವಾಗಿಯೇ ಉಳಿದರು, ಹಕೀಮ್ ತೋಟಬೈಲಿನ ಹಕೀಮನಾಗಿಯೇ ಉಳಿದ. ಪಟ್ಟಿ ಮಾಡುವವರು ಬಂದ ದಿನ ಧೋ ಎಂದು ಮಳೆ. ಎಲ್ಲ ಬಾಯಿಪಾಠವಿರುವ ಉಗ್ರಾಣಿ ಜೊತೆಗಿರುವಾಗ ಹೊಳೆ ದಾಟುವುದೇಕೆ? ಹೈದರನ ಹೋಟೆಲಿನ ಬೆಂಚಿನಲ್ಲಿ ಕುಳಿತು ಅಚ್ಚುತಣ್ಣ ಕಣ್ಣು ಮುಚ್ಚಿ "ತೋಟಬೈಲು, ಎಂಟು ಮನೆ" ಎಂದರು. ಬಂದವರು ನಕಾಶೆಯಲ್ಲಿ ತೋಟಬೈಲು ಎಲ್ಲಿದೆಯೋ ಅಲ್ಲಿಗೆ ಬರೆದುಕೊಂಡು ಹೋದರು. ಆಚೆಕರೆ ಪಟ್ಟಿಯಲ್ಲಿ ಖಾಲಿ ಉಳಿಯಿತು; ಜನವಿಲ್ಲದ ಕಡೆಗೆ ಸೇತುವೆಯೂ ಇಲ್ಲ.

"ಇದು ಯಾರಿಗೂ ಗೊತ್ತಿಲ್ಲ, ಹೊಸ ಪಟ್ಟಿ ಮಾಡುವಾಗ ಸರಿಪಡಿಸಿದರಾಯಿತು," ಎಂದೆ. ಅವರ ಮರ್ಯಾದೆ ಉಳಿಸುವ ಆತುರ ನನಗೆ.

"ಅದು ಯಾವಾಗ ಆಗುದು? ಆಚೆಕರೆಯ ನೆಬೀಸಳ ಸೊಸೆಗೆ ಈಗ ತಿಂಗಳು ತುಂಬುತ್ತಾ ಬಂತು. ಮಳೆ ಕಾಯ್ತದಾ?" ಎಂದು ಎದ್ದೇಬಿಟ್ಟರು. ಮರುದಿನ ಪುತ್ತೂರಿನ ಬಸ್ಸು ಹತ್ತಿ, ಎಪ್ಪತ್ತನಾಲ್ಕರ ಆ ಜೀವ ಆಫೀಸಿನಲ್ಲಿ ನಿಂತು ತಪ್ಪು ತನ್ನದೆಂದು ಬರೆದುಕೊಟ್ಟು ಬಂತು. ಸಂಜೆಯೊಳಗೆ ಸುದ್ದಿ ಊರಿಗೆಲ್ಲ ಹಬ್ಬಿತು. ಹೋಟೆಲಿನಲ್ಲಿ ಅವರನ್ನು ಕಂಡು ಮಾತು ನಿಲ್ಲಿಸಿದವರಿದ್ದರು. ಅವರು ದಿನದಂತೆ ಕುಳಿತು ಚಾ ಕುಡಿದರು.

ಸೇತುವೆಯ ಜಾಗ ನೋಡಿ ಜನ ಎಣಿಸಲು ಎಂಜಿನಿಯರು ಬಂದದ್ದು ಜೂನ್ ಮಧ್ಯದಲ್ಲಿ. ಸಂಕ ಅಷ್ಟರಲ್ಲೇ ಹೋಗಿತ್ತು. ಕೆಂಪು ನೀರು ಹೊಳೆಯ ಎರಡೂ ದಂಡೆ ಮುಟ್ಟಿ ಹರಿಯುತ್ತಿತ್ತು. "ದಾಟದೆ ನಾನು ಎಣಿಸುವುದು ಹೇಗೆ?" ಎಂದರು ಎಂಜಿನಿಯರು, ನ್ಯಾಯವಾಗಿಯೇ. ಎದುರು ದಂಡೆಯಲ್ಲಿ ಕೊಡೆಗಳು ಒತ್ತೊತ್ತಾಗಿ ನಿಂತಿದ್ದವು. ಯಾರು ಎಷ್ಟು ಮಂದಿ ಎಂದು ತಿಳಿಯುವಂತಿರಲಿಲ್ಲ.

ಅಚ್ಚುತಣ್ಣ ಬಂಡೆಯೊಂದನ್ನು ಏರಿ ಬಾಯಿಗೆ ಎರಡೂ ಕೈ ಅಡ್ಡಹಿಡಿದರು. ಅಂದು ಅವರು ಕಣ್ಣು ಮುಚ್ಚಲಿಲ್ಲ. "ಆಚೆಕರೆ ಚೆನ್ನೂ!" ಒಂದು ಕೊಡೆ ಮೇಲೆದ್ದಿತು. "ಆಚೆಕರೆ ಹಕೀಮ್! ಆಚೆಕರೆ ಲತೀಶ್! ಆಚೆಕರೆ ಪ್ರೀತಿಕಾ!" ಪ್ರಾಯದ ಕ್ರಮದಲ್ಲಿ, ಮನೆಯ ಕ್ರಮದಲ್ಲಿ, ಅಂಗನವಾಡಿಗೆ ಹೋಗುವ ಮಕ್ಕಳವರೆಗೆ, ಒಂದು ಹೆಸರೂ ತಡವರಿಸದೆ ಕೂಗಿದರು. ಒಂದೊಂದು ಕೂಗಿಗೂ ಒಂದು ಕೊಡೆ, ಒಂದು ಕೈ, ಒಂದು ಓಗೊಡುವಿಕೆ. ಇಲ್ಲದ ಜನ ಒಬ್ಬೊಬ್ಬರಾಗಿ ನಮ್ಮ ಕಣ್ಣೆದುರೇ ಹುಟ್ಟಿಬರುತ್ತಿದ್ದರು. "ನಲವತ್ತೊಂದು," ಎಂದು ಎಂಜಿನಿಯರು ಪುಸ್ತಕ ಮಡಚಿದರು.

ಆಗ ಎದುರಿನಿಂದ ನೆಬೀಸಳ ಸ್ವರ ನೀರಿನ ಮೇಲೆ ತೇಲಿಬಂತು: "ಅಚ್ಚುತಣ್ಣಾ, ಒಂದು ಬಿಟ್ಟುಹೋಯ್ತು!" ಅವಳ ಕೈಯಲ್ಲಿ ಬಿಳಿ ಬಟ್ಟೆಯ ಪುಟ್ಟ ಗಂಟಿತ್ತು.

"ಯಾವಾಗಾ?"

"ಶುಕ್ರವಾರ! ದಾಟ್ಲಿಕ್ಕಾಗ್ಲಿಲ್ಲ, ಮನೆಯಲ್ಲೇ!"

"ತಾಯೀ?"

"ಹುಷಾರುಂಟು!"

ಅಚ್ಚುತಣ್ಣ ಬಂಡೆಯ ಮೇಲೆ ಕುಳಿತರು. ಮುಖ ಒರೆಸಿಕೊಂಡರು. "ನಲವತ್ತೆರಡು ಬರೆಯಿರಿ ಸಾರ್," ಎಂದರು, "ಇದು ನನಗೆ ಗೊತ್ತಿರಲಿಲ್ಲ."

ಊರನ್ನು ಬಲ್ಲೆನೆಂದು ಮೆರೆಯುವವರು ಎಲ್ಲ ಕಡೆಯೂ ಇದ್ದಾರೆ, ಪುಸ್ತಕ ಬರೆಯುವ ನನ್ನಂಥವರನ್ನೂ ಸೇರಿಸಿ. ತನ್ನ ಅರಿವಿನಿಂದಲೇ ಇನ್ನೊಬ್ಬರಿಗೆ ಕೇಡಾಯಿತೆಂದು ತಿಳಿದ ದಿನ, ಆ ಅರಿವನ್ನೇ ಎತ್ತಿಕೊಂಡು ಎಲ್ಲರ ಕಣ್ಣೆದುರು ಹೊಳೆಯ ದಂಡೆಗೆ ನಡೆಯುವವರು ವಿರಳ. ಅಂಥವರು ಕರೆದಾಗ ಮಾತ್ರ ಒಂದು ಊರು ಓಗೊಡುತ್ತದೆ, ಅವರು ಅರಿಯದವರನ್ನೂ ಎತ್ತಿ ತೋರಿಸುತ್ತದೆ.