ಹೊಗೆ ತಾಗದ ಮನೆ

ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಯನ್ನು ಕಂಟೋಲೋ ಕೇರಿಯವರು ಸೆಂಟಾ ಎನ್ನುತ್ತಿದ್ದರು. ಸೆಂಟಾ ಇಳಿದ ದಿನ ಕಣ್ಣುರಿ, ಗಂಟಲುರಿ, ಮನೆಮನೆಯಲ್ಲೂ ಕೆಮ್ಮು. ಚಿಸಾಲಾ ಹಿತ್ತಿಲಲ್ಲಿ ಹಾಕಿದ ಕುಂಬಳದ ಬಳ್ಳಿ ನಾಲ್ಕೆಲೆ ಬಿಡುವಷ್ಟರಲ್ಲಿ ಸುಟ್ಟು ಕರಕಾಗುತ್ತಿತ್ತು.

ಅವಳ ತಂಗಿ ಕಸೂಬಾಳ ಮನೆ ಊರಿನ ಇನ್ನೊಂದು ತುದಿಯಲ್ಲಿ. ಗಾಳಿ ಹೊಗೆಯನ್ನು ಆ ಕಡೆ ಒಯ್ಯುತ್ತಿರಲಿಲ್ಲ. ಅಲ್ಲಿ ಗುಲಾಬಿಯೂ ಅರಳುತ್ತಿತ್ತು. ಕಸೂಬಾ ಕುಂಬಳದ ಎಳೆಸೊಪ್ಪು ಕಳಿಸಿದಾಗಲೆಲ್ಲ ಚಿಸಾಲಾ ಶೇಂಗಾ ಪುಡಿ ಹಾಕಿ ಬೇಯಿಸುತ್ತಿದ್ದಳು. ರುಚಿಯಾಗಿರುತ್ತಿತ್ತು, ಅದೇ ಅವಳ ಹೊಟ್ಟೆ ಉರಿಸುತ್ತಿತ್ತು. ಮಕ್ಕಳಿಲ್ಲದವಳಿಗೆ ಅಷ್ಟು ಒಳ್ಳೆಯ ಗಾಳಿ ಯಾಕೆ ಎಂದು ಒಮ್ಮೆ ಯೋಚಿಸಿ, ತನಗೆ ತಾನೇ ಹೆದರಿದ್ದಳು.

ಚಿಸಾಲಾಳ ಮಗಳು ಲೊಂಬೆಗೆ ಏಳು ವರ್ಷ, ಉಬ್ಬಸ. ಆ ವರ್ಷ ನಾಲ್ಕನೇ ಸಲ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ನರ್ಸಮ್ಮ ನೇರವಾಗಿ ಹೇಳಿದರು: "ಔಷಧಿ ನಾನು ಕೊಡ್ತೀನಿ ತಾಯಿ, ಗಾಳಿ ಎಲ್ಲಿಂದ ತರ್ಲಿ? ಮಗೂನ ಹೊಗೆಯಿಂದ ದೂರ ಇಡಿ."

ಚಿಸಾಲಾಳ ಗಂಡನ ದುಡಿಮೆ ಆ ಕಾರ್ಖಾನೆಯಲ್ಲೇ, ಕೇರಿ ಬಿಡುವಂತಿರಲಿಲ್ಲ. ಲೊಂಬೆ ಚಿಕ್ಕಮ್ಮನ ಮನೆಗೆ ಹೋದಳು.

ಮೂರು ತಿಂಗಳ ಮೇಲೆ ಚಿಸಾಲಾ ನೋಡಲು ಹೋದಾಗ ಲೊಂಬೆ ಅಂಗಳದಲ್ಲಿ ಹಗ್ಗ ಹಾರುತ್ತಿದ್ದಳು. ಒಂದು ಕೆಮ್ಮಿಲ್ಲ. ಕೆನ್ನೆ ತುಂಬಿತ್ತು. ತಾಯಿಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಅಷ್ಟರಲ್ಲಿ ಮಗು ಅಡುಗೆಮನೆಯತ್ತ ತಿರುಗಿ, "ಅಮ್ಮಾ, ನೀರು!" ಎಂದು ಕೂಗಿತು. ಕಸೂಬಾ ಲೋಟ ಹಿಡಿದು ಓಡಿಬಂದಳು.

"ಚಿಕ್ಕಮ್ಮ ಅಲ್ವೇನೇ ಅವಳು?" ಎಂದಳು ಚಿಸಾಲಾ.

"ಮಗು ಬಾಯಲ್ಲಿ ಏನೋ ಬಂತು, ಬಿಡಕ್ಕಾ."

"ಬಂತಾ, ಕಲ್ಸಿದ್ಯಾ? ನಡಿಯೇ ಲೊಂಬೆ, ಮನೆಗೆ ಹೋಗೋಣ."

"ಅಕ್ಕಾ, ಈಗ ಅಲ್ಲಿ ದಿನಾ ಸೆಂಟಾ ಬಿಡ್ತಿದಾರಂತೆ. ನನ್ ಮೇಲಿನ ಸಿಟ್ಟು ಮಗು ಮೇಲೆ ಯಾಕೆ?"

"ಹೆತ್ತೋಳು ನಾನು! ನಿನ್ನ ಬುದ್ಧಿವಾದ ನಿನ್ನ ಕುಂಬಳದ ಬಳ್ಳಿಗೆ ಹೇಳ್ಕೋ!"

ಮಗಳನ್ನು ಕೇರಿಗೆ ಕರೆತಂದ ಮೇಲೆ ಎರಡು ದಿನ ಏನೂ ಆಗಲಿಲ್ಲ. ಲೊಂಬೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು ಮೆಕ್ಕೆಜೋಳದ ಹಿಟ್ಟಿನ ನ್ಶಿಮಾ ಮುದ್ದೆಯನ್ನು ತುತ್ತು ಮಾಡಿ ತಿನ್ನಿಸುತ್ತ ಚಿಸಾಲಾ ಗೆದ್ದವಳಂತಿದ್ದಳು. ಮೂರನೆಯ ಬೆಳಿಗ್ಗೆ ಹೊಗೆ ಮಾಡಿನ ಮಟ್ಟಕ್ಕೆ ಇಳಿಯಿತು. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿದಳು. ಫಲವಾಗಲಿಲ್ಲ. ಲೊಂಬೆಯ ಪಕ್ಕೆ ಒಳಕ್ಕೆ ಎಳೆದುಕೊಂಡಿತು, ತುಟಿ ನೀಲಿಯಾಯಿತು. ಚಿಸಾಲಾ ಅವಳನ್ನು ಬೆನ್ನಿಗೆ ಕಟ್ಟಿಕೊಂಡು, ತಾನೂ ಕೆಮ್ಮುತ್ತ ಆಸ್ಪತ್ರೆಗೆ ಓಡಿದಳು.

ಔಷಧದ ಹಬೆಯಲ್ಲಿ ಮಗುವಿನ ಉಸಿರು ಮರಳಲು ಮಧ್ಯಾಹ್ನವಾಯಿತು. ಸುದ್ದಿ ತಿಳಿದು ಬಂದ ಕಸೂಬಾ ಮಂಚದ ಆಚೆ ಬದಿಗೆ ಕೂತಳು.

"ಬೈಯೇ," ಎಂದಳು ಚಿಸಾಲಾ. "ಸುಮ್ನೆ ಕೂತು ಸಾಯಿಸ್ಬೇಡ. ಹೊಟ್ಟೆಕಿಚ್ಚಿಗೆ ಕರ್ಕೊಂಡ್ ಬಂದೆ. ಕೊಂದೇಬಿಡ್ತಿದ್ದೆ."

ಕಸೂಬಾ ಸೊಂಟಕ್ಕೆ ಸುತ್ತಿದ ಬಟ್ಟೆಯ ತುದಿಯಿಂದ ಮೂಗೊರೆಸಿಕೊಂಡಳು. "ಕಿಚ್ಚು ನಿಂಗೊಬ್ಳಿಗೇನಾ? ಹಗಲೆಲ್ಲ ಅಮ್ಮಾ ಅಮ್ಮಾ ಅಂತ ನನ್ ಹಿಂದೆ ಸುತ್ತುತ್ತೆ. ಜ್ವರ ಬಂದ್ರೆ ಮಾತ್ರ ನೀನೇ ಬೇಕು. ಪಕ್ಕದಲ್ಲಿ ನಾನಿದ್ರೂ ನಿನ್ನೇ ಕರೆಯುತ್ತೆ. ನಂಗೇನನ್ಸುತ್ತೆ ಹೇಳು?"

ಚಿಸಾಲಾಳಿಗೆ ಅಳು ಬಂತು. ಅದರೊಳಗೆ ಒಂದು ಚೂರು ಸಂತೋಷವೂ ಇತ್ತು. ಅದಕ್ಕಾಗಿ ಇನ್ನಷ್ಟು ಅತ್ತಳು.

"ಕರ್ಕೊಂಡ್ ಹೋಗು," ಎಂದಳು ಕೊನೆಗೆ.

ಆಮೇಲೆ ಪ್ರತಿ ಭಾನುವಾರ ಚಿಸಾಲಾ ಬಸ್ಸು ಹತ್ತಿದಳು. ಲೊಂಬೆಯ ತಲೆ ಪ್ರತಿ ಸಲವೂ ಕೆದರಿಕೊಂಡೇ ಇರುತ್ತಿತ್ತು. ಶಾಲೆಯ ಟೀಚರು ಎರಡು ಸಲ ಚೀಟಿ ಕಳಿಸಿದ್ದರಂತೆ.

"ಒಂದು ಜಡೆ ಹಾಕೋಕಾಗಲ್ವೇನೇ ನಿಂಗೆ?" ಎಂದು ಚಿಸಾಲಾ ರೇಗಿದಳು.

"ನಂಗೆ ಬರುತ್ತೆ," ಎಂದಳು ಕಸೂಬಾ, ಬಾಚಣಿಗೆಯನ್ನು ಅಕ್ಕನ ಕೈಗಿಡುತ್ತ. "ಅದು ನಿನ್ ಕೆಲ್ಸ ಅಂತ ಬಿಟ್ಟಿದೀನಿ."

ಚಿಸಾಲಾ ಮೆಟ್ಟಿಲ ಮೇಲೆ ಕೂತು ಮಗಳನ್ನು ಮೊಣಕಾಲ ನಡುವೆ ಹಿಡಿದುಕೊಂಡಳು. ಸಣ್ಣ ಸಣ್ಣ ಜಡೆಗಳನ್ನು ಆದಷ್ಟು ನಿಧಾನವಾಗಿ ಹೆಣೆಯತೊಡಗಿದಳು. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು.