ಮೂಲೆ ಹರಿದ ಕಾಗದ

ಹೊನ್ನಾವರ ಬಂದರಿನ ಬ್ಯಾಂಡಿನವರೆಂದರೆ ಐದು ಜನ. ಕ್ಲಾರಿನೆಟ್ ಊದುವವನು ಜಟ್ಟಿ, ದೊಡ್ಡ ಡ್ರಮ್ಮು ವೆಂಕ್ಟ್ರಮಣನದು. ಉಳಿದ ಮೂವರ ಹೆಸರು ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಒಬ್ಬ ತುತ್ತೂರಿ, ಒಬ್ಬ ಸಣ್ಣ ಡ್ರಮ್ಮು, ಒಬ್ಬ ತಾಳ, ಅಷ್ಟು ಗೊತ್ತಿದ್ದರೆ ಸಾಕು. ಕೆಂಪು ಕೋಟು ಐದಿದ್ದವು, ಟೊಪ್ಪಿ ನಾಲ್ಕೇ. ಭಟ್ಕಳದಲ್ಲಿ ಜವಳಿ ಅಂಗಡಿ ತೆರೆದರೂ ಇವರೇ, ಕುಮಟೆಯಲ್ಲಿ ವಾಚನಾಲಯದ ವಾರ್ಷಿಕೋತ್ಸವವಾದರೂ ಇವರೇ, ಕರ್ಕಿಯ ಶಾಲೆಯಲ್ಲಿ ಮಕ್ಕಳು ಓಡಿ ಬಹುಮಾನ ತೆಗೆದುಕೊಂಡರೂ ಇವರೇ. ಮದುವೆಯಂತೂ ಕೇಳಲೇ ಬೇಡಿ. ಬೇರೆ ದಿನ ಬಂದರಿನಲ್ಲಿ ಮೂಟೆ ಹೊರುವವರು, ಲಗ್ನದ ದಿನ ಕೋಟು ತೊಟ್ಟ ಸಾಹೇಬರು.

ಸಂಗೀತ ಕಲಿತವರೋ ಎಂದರೆ, ರಾಮ ರಾಮ. ಕೇಳಿದ್ದನ್ನು ಊದುವುದು, ತಪ್ಪಿದರೆ ಡ್ರಮ್ಮು ಜೋರು ಬಾರಿಸುವುದು. ಆದರೆ ಇವರ ಹತ್ತಿರ ಬೇರೆ ಯಾವ ಬ್ಯಾಂಡಿನಲ್ಲೂ ಇಲ್ಲದ ಒಂದು ವಸ್ತು ಇತ್ತು. ಊರವರು ಅದನ್ನು ಅಳುವ ಟ್ಯೂನು ಎನ್ನುತ್ತಿದ್ದರು.

ಅದನ್ನು ತಂದವನು ಜಟ್ಟಿಯ ಅಣ್ಣ ಹೊನ್ನ. ಅವನು ಮುಂಬಯಿಯ ಹೋಟೆಲೊಂದರಲ್ಲಿ ಗೋವೆಯವರ ಜೊತೆ ಕ್ಲಾರಿನೆಟ್ ಊದುತ್ತಿದ್ದ. ಐವತ್ತೇಳನೇ ಇಸವಿಯಲ್ಲಿ ಹದಿನೈದು ದಿನದ ರಜೆಗೆ ಬಂದವನು ತಮ್ಮನನ್ನು ಹೊಳೆದಂಡೆಗೆ ಕರೆದುಕೊಂಡು ಹೋಗಿ, ಅಮೆರಿಕದ ಕರಿಯರ ಪದವೊಂದನ್ನು ಕಲಿಸಿದ. ಹತ್ತಿಯ ಹೊಲದಲ್ಲಿ ದುಡಿದು ಸೊಂಟ ಬಿದ್ದವರು ಹಾಡಿಕೊಳ್ಳುವುದಂತೆ. ಬ್ಲೂಸು ಎನ್ನುತ್ತಾರಂತೆ. ‘ನಮ್ಮ ಮೂಟೆ ಹೊರೂವವ್ರಿಗೂ ಸರಿ ಹೊಂದ್ತದೆ’ ಎಂದು ಹೊನ್ನ ನಕ್ಕಿದ್ದ. ಮೊದಲಿನದು ಕಲಿಸಿದ, ನಡುವಿನದು ಕಲಿಸಿದ. ಅಷ್ಟರಲ್ಲಿ ರಜೆ ಮುಗಿಯಿತು. ‘ಕೊನೆ ಮುಂದಿನ ಸಲ ಬಂದಾಗ’ ಎಂದು ಹೋದವನು ಆರು ವರ್ಷವಾದರೂ ಬರಲಿಲ್ಲ.

ಹಾಗಾಗಿ ಜಟ್ಟಿಗೆ ಆ ಟ್ಯೂನನ್ನು ಮುಗಿಸಲು ಬಾರದು. ಸುತ್ತಿ ಸುತ್ತಿ ಮೊದಲಿಗೇ ಬರುತ್ತಿದ್ದ. ಮದುಮಗಳು ತವರು ಬಿಟ್ಟು ಹೊರಡುವಾಗ ಅದನ್ನು ಹಿಡಿದರೆ, ದೋಣಿಯೋ ಬಸ್ಸೋ ಕಣ್ಣಿಗೆ ಮರೆಯಾಗುವತನಕ ಊದುವುದು, ಮರೆಯಾದ ಕೂಡಲೇ ಬಾಯಿಂದ ತೆಗೆಯುವುದು. ಜನ ಅದೇ ಅದರ ಕ್ರಮವೆಂದು ತಿಳಿದರು. ಕಲ್ಲಿನಂಥ ಗಂಡಸರೂ ಪಂಚೆಯ ತುದಿಯಿಂದ ಮೂಗು ಒರೆಸಿಕೊಳ್ಳುತ್ತಿದ್ದರು.

ಹೊನ್ನ ಊರಿಗೆ ಬರದಿದ್ದರೂ ಕಾಗದ ಬರೆಯುತ್ತಿದ್ದ. ಜಟ್ಟಿ ಓದಿದ್ದು ಮೂರನೇ ಇಯತ್ತೆ. ಅಕ್ಷರ ಕೂಡಿಸುವುದರಲ್ಲಿ ಬೆವರು ಬರುತ್ತಿತ್ತು. ಅಣ್ಣನ ಕಾಗದ ಬಂದರೆ ಮಾಡಿನ ಹಂಚಿನ ಸಂದಿಗೆ ಸಿಕ್ಕಿಸಿಡುವುದು, ಪೋಸ್ಟಿನ ರಮಾನಂದ ಎಂದಾದರೂ ಪುರುಸೊತ್ತಿನಲ್ಲಿ ಸಿಕ್ಕಿದರೆ ಓದಿಸುವುದು. ಚೌತಿಗೆ ಬಂದ ಕಾಗದ ದೀಪಾವಳಿಗೆ ಓದಿದ್ದುಂಟು. ‘ನಿನಗೆ ಬರೆಯುವುದೂ ಸಮುದ್ರಕ್ಕೆ ಬರೆಯುವುದೂ ಒಂದೇ’ ಎಂದು ಹೊನ್ನ ಒಂದರಲ್ಲಿ ಬೈದಿದ್ದ. ಆ ಬೈಗುಳವೂ ಮಾಡಿನ ಸಂದಿಯಲ್ಲಿ ಎರಡು ತಿಂಗಳು ಕಳೆದೇ ಜಟ್ಟಿಯ ಕಿವಿಗೆ ಬಿತ್ತು.

ಅರವತ್ತಮೂರರ ಮೇ ತಿಂಗಳು, ಒಂದು ಸೋಮವಾರ, ರಮಾನಂದ ಬೇಲಿಯ ಹೊರಗೇ ನಿಂತು ಜಟ್ಟಿಯನ್ನು ಕರೆದ. ಯಾವಾಗಲೂ ಜಗಲಿಗೆ ಬಂದು ನೀರು ಬೆಲ್ಲ ಕೇಳುವ ಆಸಾಮಿ. ಕೈಯಲ್ಲಿ ಮುಂಬಯಿಯ ಲಕೋಟೆ. ವಿಳಾಸ ಇಂಗ್ಲಿಷಿನಲ್ಲಿ, ಯಾರದೋ ಕೈಬರಹ. ಅದರ ಒಂದು ಮೂಲೆ ಹರಿದಿತ್ತು.

ನಮ್ಮ ಕಡೆಯಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ. ಮೂಲೆ ಹರಿದ ಕಾಗದವೆಂದರೆ ಸಾವಿನ ಕಾಗದ. ಮನೆಯೊಳಗೆ ಒಯ್ಯುವಂತಿಲ್ಲ, ಹೊರಗೇ ಓದಿ, ಹರಿದು ಎಸೆದು, ಮಿಂದು ಒಳಗೆ ಹೋಗಬೇಕು. ಅಲ್ಲಿಂದ ಸೂತಕ.

‘ಓದ್ಲಾ ಜಟ್ಟಿ?’ ಎಂದ ರಮಾನಂದ.

ಜಟ್ಟಿ ಲಕೋಟೆಯನ್ನೇ ನೋಡಿದ. ಮುಂಬಯಿಯಲ್ಲಿ ಅವನಿಗೆ ಇದ್ದವನು ಒಬ್ಬನೇ.

‘ಬೇಡ’ ಎಂದ.

‘ಬೇಡ ಅಂದ್ರೆ?’

‘ಸೀತೆ ಮದ್ವೆ ಆಗ್ಲಿ.’

ಸೀತೆ ವೆಂಕ್ಟ್ರಮಣನ ಮಗಳು. ತಾಯಿ ಸತ್ತ ಮೇಲೆ ಅಪ್ಪನ ಜೊತೆ ಬ್ಯಾಂಡಿನ ಹಿಂದೆಯೇ ತಿರುಗಿ, ದೊಡ್ಡ ಡ್ರಮ್ಮಿಗೆ ಒರಗಿ ನಿದ್ದೆ ಮಾಡಿ ಬೆಳೆದ ಹುಡುಗಿ. ಮಕ್ಕಳಿಲ್ಲದ ಜಟ್ಟಿ ಅವಳನ್ನು ಹೆಗಲ ಮೇಲೆ ಹೊತ್ತು ಊರೂರು ದಾಟಿಸಿದ್ದ. ‘ಜಟ್ಟಿ ಮಾವ, ನನ್ನ ಮದ್ವೆಗೆ ನೀನೇ ಊದ್ಬೇಕು, ದೋಣಿ ಮರೆ ಆಗೂತನಕ’ ಎಂದು ಹನ್ನೆರಡು ವರ್ಷದವಳಿದ್ದಾಗಲೇ ಮಾತು ತೆಗೆದುಕೊಂಡಿದ್ದಳು. ಆ ಮದುವೆಗೆ ಇನ್ನು ಹನ್ನೊಂದೇ ದಿನ. ಮಳೆಗಾಲಕ್ಕೆ ಮೊದಲಿನ ಕೊನೆಯ ಮುಹೂರ್ತ. ಸೂತಕದವನು ಕ್ಲಾರಿನೆಟ್ ಊದುವುದಿರಲಿ, ಚಪ್ಪರದ ಕಂಬ ಮುಟ್ಟುವಂತಿಲ್ಲ.

ಆಗ ಜಟ್ಟಿಗೆ ನೆನಪಾದದ್ದು ಯಾವುದೋ ಮದುವೆಯ ಊಟದ ಹೊತ್ತಿನಲ್ಲಿ ಭಟ್ಟರೊಬ್ಬರು ಹೇಳಿದ ಮಾತು: ದೂರದೇಶದಲ್ಲಿ ಸತ್ತರೆ ಸೂತಕ ಕೇಳಿದವನಿಗೆ, ಕೇಳದವನಿಗೆ ಎಲ್ಲಿಯ ಸೂತಕ? ಹತ್ತು ದಿನ ಕಳೆದ ಮೇಲೆ ಕೇಳಿದರೆ ಮೂರೇ ದಿನ. ಶಾಸ್ತ್ರವೇ ಕಿಟಕಿ ತೆರೆದಿಟ್ಟಿರುವಾಗ ಜಟ್ಟಿ ಯಾಕೆ ಹಾರಬಾರದು? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ಅನ್ನುತ್ತೀರಿ. ಅನ್ನಿ. ಅವನಿಗೂ ಅದು ಗೊತ್ತಿತ್ತು.

ಲಕೋಟೆಯನ್ನು ಮನೆಯ ಹೊರಗೆ, ಸೌದೆ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ. ಹೆಂಡತಿ ಅಂಬಾ ಬಾಗಿಲಲ್ಲಿ ನಿಂತು ನೋಡಿದಳು.

‘ಬಾವಂದಾ?’

‘ಓದ್ಲಿಲ್ಲ.’

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ‘ಗಂಜಿ ಬಡಿಸ್ತೆ, ಬಾ’ ಎಂದಳು. ಅವನು ಉಂಡ. ಉಪ್ಪು ಇತ್ತೋ ಇಲ್ಲವೋ ತಿಳಿಯಲಿಲ್ಲ.

ಅಲ್ಲಿಂದ ಅವನಿಗೆ ಎಂಥದೂ ಆಗಲಿಲ್ಲ. ಇದನ್ನೇ ಅವನು ಆಮೇಲೆಲ್ಲ ನೆನೆಸಿಕೊಳ್ಳುತ್ತಿದ್ದದ್ದು. ಅಳು ಬರಲಿಲ್ಲ, ನಿದ್ದೆ ಕೆಡಲಿಲ್ಲ. ತುಂಬ ಹೊತ್ತು ಕೂತೆದ್ದಾಗ ಕಾಲು ತನ್ನದಲ್ಲ ಎನಿಸುತ್ತದಲ್ಲ, ಮೈಯೆಲ್ಲ ಹಾಗೆ ಇತ್ತು. ಅಣ್ಣನ ಮುಖ ನೆನೆಸಿಕೊಳ್ಳಲು ನೋಡಿದರೆ ಕೋಟಿನ ಗುಂಡಿ ನೆನಪಾಗುತ್ತಿತ್ತು, ಮುಖ ಬರುತ್ತಿರಲಿಲ್ಲ. ಓದಿಲ್ಲವಾದ್ದರಿಂದ ಅಳುವುದಕ್ಕೂ ಅಧಿಕಾರವಿಲ್ಲವೆಂದು ಅವನು ಮೈಗೆ ಹೇಳಿದ್ದ. ಮೈ ಮಾತು ಕೇಳಿತು.

ನಾಲ್ಕನೆಯ ದಿನ ಭಟ್ಕಳದಲ್ಲಿ ಜವಳಿ ಅಂಗಡಿಯ ಬಾಗಿಲು ತೆರೆದರು. ಇವರು ಬಿಸಿಲಲ್ಲಿ ನಿಂತು ಬಾರಿಸಿದರು, ಶರಬತ್ತು ಕುಡಿದರು, ಬಂದರು. ಒಂಬತ್ತನೆಯ ದಿನ ಕುಮಟೆಯಲ್ಲಿ ಒಂದು ಮದುವೆ. ಮದುಮಗಳು ಬಸ್ಸು ಹತ್ತುವಾಗ ಜಟ್ಟಿ ಅಳುವ ಟ್ಯೂನು ಹಿಡಿದ. ಅವತ್ತು ಊದಿದಂತೆ ಅವನು ಎಂದೂ ಊದಿರಲಿಲ್ಲವಂತೆ. ಮದುಮಗಳ ಅಜ್ಜಿ ಅಂಗಳದಲ್ಲೇ ಕುಸಿದು ಕೂತು ಅತ್ತಳು. ಬಸ್ಸಿನ ಡ್ರೈವರ್ ಸುಮ್ಮನೆ ಕೂತು ಕೇಳಿದ, ಹೊರಡಿಸಲೇ ಇಲ್ಲ. ಜಟ್ಟಿ ಎಲ್ಲರನ್ನೂ ನೋಡುತ್ತ ಊದಿದ. ಇವರೆಲ್ಲ ಯಾಕೆ ಅಳುತ್ತಿದ್ದಾರೆ ಎಂದು ಅವನಿಗೆ ಅರ್ಥವಾಗಲಿಲ್ಲ.

ವಾಪಸು ಬರುವಾಗ ವೆಂಕ್ಟ್ರಮಣ ಪಕ್ಕದಲ್ಲಿ ಕೂತ. ಏನೋ ಹೇಳಲು ಎರಡು ಸಲ ಬಾಯಿ ತೆರೆದ. ಕೊನೆಗೆ ‘ಬೀಡಿ ಬೇಕಾ ಜಟ್ಟಿಯಣ್ಣ?’ ಎಂದ. ಜಟ್ಟಿ ತೆಗೆದುಕೊಂಡ.

ಸೀತೆಯ ಮದುವೆ ಚೆನ್ನಾಗಿಯೇ ಆಯಿತು. ಗಂಡು ಭಟ್ಕಳದ ಆಚೆಯವನು. ಶರಾವತಿ ದಾಟಿ ಹೋಗಬೇಕು. ಸಂಜೆ ನಾಲ್ಕಕ್ಕೆ ದೋಣಿ ಬಿಟ್ಟರು. ಅಪ್ಪ ಮದುಮಗಳನ್ನು ಹತ್ತಿಸಿ ಬಂದು ಡ್ರಮ್ಮು ಕಟ್ಟಿಕೊಂಡ. ತಾನೇ ಡ್ರಮ್ಮು ಬಾರಿಸಿ ಮಗಳನ್ನು ಕಳಿಸಿದ ಅಪ್ಪ ಬೇರೆ ಯಾರಿದ್ದಾನೋ ನನಗೆ ಗೊತ್ತಿಲ್ಲ. ಹೊಳೆಯೆಂದರೆ ಸಣ್ಣದಲ್ಲ, ದೋಣಿಗೆ ಅವಸರವಿಲ್ಲ. ಜಟ್ಟಿ ಸುತ್ತಿ ಸುತ್ತಿ ಊದಿದ. ಮಾವಿನಕುರ್ವೆಯ ಕಡೆಯಿಂದ ಗಾಳಿ ಬಂದು ದೋಣಿ ಒಮ್ಮೆ ವಾಲಿತು, ಸೀತೆಯ ಕೆಂಪು ಸೀರೆ ಚುಕ್ಕಿಯಾಯಿತು, ಚುಕ್ಕಿ ಹೋಯಿತು. ಜಟ್ಟಿ ಕ್ಲಾರಿನೆಟ್ ಇಳಿಸಿದ. ಕೊಟ್ಟ ಮಾತು ತೀರಿತು.

ಮರುದಿನ ಬೆಳಿಗ್ಗೆ ಅವನೇ ಹೋಗಿ ರಮಾನಂದನನ್ನು ಕರೆತಂದ. ವೆಂಕ್ಟ್ರಮಣನೂ ಬಂದು ಬೇಲಿಯ ಹತ್ತಿರ ನಿಂತ. ಅಂಬಾ ಮೀಯಲು ನೀರು ಕಾಸಿಟ್ಟಿದ್ದಳು. ರಮಾನಂದ ಸೌದೆ ಕೊಟ್ಟಿಗೆಯ ಎದುರು ನಿಂತು ಲಕೋಟೆ ಒಡೆದ, ಓದತೊಡಗಿದ, ಎರಡು ಸಾಲಿಗೆ ನಿಲ್ಲಿಸಿದ.

‘ಎಂತ?’ ಎಂದ ಜಟ್ಟಿ.

‘ಹೊನ್ನನೇ ಬರ್ದದ್ದು.’

ರಮಾನಂದ ಮೊದಲಿನಿಂದ ಓದಿದ. ‘ಜಟ್ಟೀ, ಹೆದರಬೇಡ, ನಾನು ಸತ್ತಿಲ್ಲ. ಮೂಲೆ ಹರಿದದ್ದು ನಾನೇ. ಇಲ್ಲದಿದ್ದರೆ ಇದನ್ನೂ ಮಾಡಿಗೆ ಸಿಕ್ಕಿಸಿ ದೀಪಾವಳಿಗೆ ಓದಿಸುತ್ತಿ, ನಿನ್ನನ್ನು ನಾನು ನೋಡದವನೇ? ಮೂಲೆ ಹರಿದರೆ ನಿಂತ ಕಾಲಲ್ಲಿ ಓದಿಸುತ್ತಿ ಎಂದು ಹೀಗೆ ಮಾಡಿದೆ. ಬೈಯಬೇಡ. ನನಗೆ ಎದೆಯ ರೋಗ, ಆಸ್ಪತ್ರೆಯಲ್ಲಿ ಹಾಕಿದ್ದಾರೆ. ವಿಳಾಸ ಬರೆದದ್ದು ಇಲ್ಲಿಯ ನರ್ಸು. ಡಾಕ್ಟರು ಏನೂ ಹೇಳುವುದಿಲ್ಲ, ಹೇಳದಿದ್ದರೆ ನನಗೆ ತಿಳಿಯುವುದಿಲ್ಲವೇ. ನೀನು ಕೂಡಲೇ ಹೊರಟು ಬಾ. ಕ್ಲಾರಿನೆಟ್ ತಾ. ಊದಲು ನನಗೆ ದಮ್ಮಿಲ್ಲ, ಬಾಯಲ್ಲಿ ಹೇಳಿಕೊಡುತ್ತೇನೆ. ಆ ಟ್ಯೂನಿಗೆ ಕೊನೆ ಉಂಟು.’ ಕೆಳಗೆ ಆಸ್ಪತ್ರೆಯ ಹೆಸರು, ಹಾಸಿಗೆಯ ನಂಬರು.

ಜಟ್ಟಿಗೆ ಮೊದಲು ಬಂದದ್ದು ನಗು. ಅಂಬಾಳಿಗೂ ನಗು, ಜೊತೆಗೆ ಅಳು. ‘ಸತ್ತಿಲ್ಲ, ಬೋಳಿಮಗ ಸತ್ತಿಲ್ಲ’ ಎಂದು ಜಟ್ಟಿ ವೆಂಕ್ಟ್ರಮಣನ ತೋಳು ಹಿಡಿದು ಅಲುಗಾಡಿಸಿದ. ಹದಿಮೂರು ದಿನ ಎಲ್ಲೋ ಹೋಗಿದ್ದ ಮೈ ಒಮ್ಮೆಲೇ ವಾಪಸು ಬಂದಿತ್ತು. ಹಸಿವಾಯಿತು, ನೀರು ಕಾಸಿದ ಒಲೆಯ ಹೊಗೆಗೆ ಕಣ್ಣು ಉರಿಯಿತು, ಅಣ್ಣನ ಮುಖ ಮೀಸೆಯ ಸಮೇತ ಎದುರು ನಿಂತಿತು. ಆ ಮಧ್ಯಾಹ್ನವೇ ಹುಬ್ಬಳ್ಳಿಯ ಬಸ್ಸು ಹತ್ತಿದ. ಘಟ್ಟದಲ್ಲಿ, ರೈಲಿನಲ್ಲಿ, ಎರಡು ಹಗಲು ಎರಡು ರಾತ್ರಿ ಅವನು ಕ್ಲಾರಿನೆಟ್ಟಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಕೆಲಸ ಮಾಡಿದ: ಅಣ್ಣನನ್ನು ಹೇಗೆ ಬೈಯಬೇಕೆಂದು ಸಾಲುಸಾಲಾಗಿ ಕಟ್ಟಿದ. ಇಷ್ಟು ಖುಷಿಯಿಂದ ಅವನು ಎಲ್ಲಿಗೂ ಹೋದದ್ದಿಲ್ಲ.

ಆ ನಂಬರಿನ ಹಾಸಿಗೆಯಲ್ಲಿ ಬೇರೆ ಯಾರೋ ಮಲಗಿದ್ದ.

ಪಕ್ಕದ ಹಾಸಿಗೆಯಲ್ಲಿದ್ದವನು ಕಾರವಾರದ ಕಡೆಯ ಮುದುಕ, ಕೊಂಕಣಿಯಲ್ಲಿ ಮಾತಾಡಿದ. ಹೊನ್ನ ಹೋಗಿ ಆರು ದಿನವಾಯಿತಂತೆ. ಕಳೆದ ಮಂಗಳವಾರ, ಸಂಜೆಯ ಹೊತ್ತು. ಹೋಟೆಲಿನ ಗೋವೆಯವರು ಬಂದು ಎಲ್ಲ ಮುಗಿಸಿದರಂತೆ. ಜಟ್ಟಿ ಬೆರಳು ಮಡಚಿ ನೋಡಿದ. ಕಾಗದ ಬಂದ ಒಂಬತ್ತನೆಯ ದಿನ. ಕುಮಟೆಯಲ್ಲಿ ಡ್ರೈವರ್ ಬಸ್ಸು ಹೊರಡಿಸದೆ ಕೂತು ಕೇಳಿದ ದಿನ.

‘ನೀನೇ ತಮ್ಮನೋ?’ ಎಂದ ಮುದುಕ. ‘ಯಾರು ಬಾಗಿಲಲ್ಲಿ ಬಂದರೂ ತಲೆ ಎತ್ತುತ್ತಿದ್ದ. ಕಾಗದ ಮುಟ್ಟಿದ ಕೂಡಲೇ ಹೊರಡ್ತಾನೆ, ಮೂಲೆ ಹರಿದಿದ್ದೇನೆ ಅಂತಿದ್ದ.’

ಜಟ್ಟಿ ಪೆಟ್ಟಿಗೆಯನ್ನು ನೆಲದ ಮೇಲಿಟ್ಟ. ‘ಏನಾದ್ರೂ ಹಾಡಿಕೊಳ್ತಿದ್ನಾ?’

‘ಒಂದೇ ಪದ, ಇಡೀ ದಿನ ಗುನುಗುವುದು. ನಾನೇ ಬೈದು ನಿಲ್ಲಿಸಿದೆ. ನಿದ್ದೆ ಬರುತ್ತಿರಲಿಲ್ಲ, ಏನು ಮಾಡಲಿ?’

‘ಆತು’ ಎಂದ ಜಟ್ಟಿ. ಕಟ್ಟಿಕೊಂಡು ಹೋದ ಬೈಗುಳವೆಲ್ಲ ಹಾಗೇ ಇತ್ತು, ಒಂದೂ ಖರ್ಚಾಗಿರಲಿಲ್ಲ.

ಊರಿಗೆ ಬಂದು ಸೂತಕ ಹಿಡಿದ. ಲೆಕ್ಕ ಹಾಕಿದರೆ ಹತ್ತು ದಿನದೊಳಗೇ ಕೇಳಿದಂತಾಯಿತು, ಉಳಿದದ್ದು ಎರಡೇ ದಿನ, ಸಾಕು ಎಂದರು ಭಟ್ಟರು. ಜಟ್ಟಿ ಹನ್ನೊಂದು ದಿನ ಜಗಲಿಯಲ್ಲಿ ಕೂತ. ಹೊರಗೆ ಮಳೆ ಹಿಡಿದಿತ್ತು. ಮೂರನೆಯ ದಿನ ವೆಂಕ್ಟ್ರಮಣ ಬಂದು ಕೊಡೆ ಮಡಚಿ ಮೆಟ್ಟಿಲ ಮೇಲೆ ಕೂತ.

‘ಕಾಗದ ಬಂದದ್ದು ನಂಗೆ ಗೊತ್ತಿತ್ತು, ಜಟ್ಟಿಯಣ್ಣ. ರಮಾನಂದ ಅವತ್ತೇ ಹೇಳ್ದ. ಓದ್ಸು ಅಂತ ನಾ ಹೇಳ್ಬೇಕಿತ್ತು. ಮಗ್ಳ ಮದ್ವೆ ಅಂತ ಬಾಯಿ ಮುಚ್ಕಂಡೆ.’

‘ನಿಂಗೆ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು’ ಎಂದ ಜಟ್ಟಿ. ಸಿಟ್ಟು ಬಂದರೆ ಒಳ್ಳೆಯದಿತ್ತು, ಅದೂ ಬರಲಿಲ್ಲ. ಅಂಬಾ ಇಬ್ಬರಿಗೂ ಚಾ ತಂದಳು. ಕುಡಿದರು.

ಕಾರ್ತಿಕ ಕಳೆದು ಲಗ್ನ ಮತ್ತೆ ಶುರುವಾದವು. ಮೊದಲಿನದು ಕುಮಟೆಯಲ್ಲೇ. ಕೆಂಪು ಕೋಟು ತೊಟ್ಟು ಐವರೂ ಹೋದರು, ಎಂದಿನಂತೆ ಬಾರಿಸಿದರು. ಮದುಮಗಳು ಬಸ್ಸಿನ ಮೆಟ್ಟಿಲು ಹತ್ತುವಾಗ ಜನ ಜಟ್ಟಿಯ ಕಡೆ ತಿರುಗಿದರು. ಅವನು ಅಳುವ ಟ್ಯೂನು ಹಿಡಿದ. ಮೊದಲಿನದು ಊದಿದ, ನಡುವಿನದು ಊದಿದ. ಸುತ್ತಿ ಮೊದಲಿಗೆ ಬರಬೇಕಾದ ಜಾಗದಲ್ಲಿ ಬಾಯಿಂದ ತೆಗೆದುಬಿಟ್ಟ. ಬಸ್ಸು ಇನ್ನೂ ಎದುರಿಗೇ ಇತ್ತು, ಮದುಮಗಳು ಕಿಟಕಿಯಿಂದ ನೋಡುತ್ತಿದ್ದಳು. ವೆಂಕ್ಟ್ರಮಣ ಒಬ್ಬನೇ ನಾಲ್ಕು ಏಟು ಬಾರಿಸಿ ಅವನೂ ನಿಲ್ಲಿಸಿದ.

ಮದುಮಗಳ ಅಪ್ಪ ಗಾಬರಿಯಿಂದ ಹತ್ತಿರ ಬಂದ. ‘ಎಂತ ಆತು? ಯಾಕೆ ನಿಲ್ಸಿದೆ? ಮುಂದೆ ಊದು ಮಾರಾಯ.’

ಜಟ್ಟಿ ಕ್ಲಾರಿನೆಟ್ಟಿನ ಬಾಯಿಯನ್ನು ಕೋಟಿನ ತೋಳಿಗೆ ಒರೆಸಿದ.

‘ಮುಂದೆ ಉಂಟು ಒಡೆಯಾ’ ಎಂದ. ‘ನಂಗೆ ಬರೂದಿಲ್ಲ.’